ಮಾಡಿಸಿದವನ ಪಾಲು

ಅಂಗಡಿಯಲ್ಲಿ ಸಿದ್ಧವಾಗಿಟ್ಟ ವಸ್ತುವನ್ನು ಕೊಳ್ಳುವುದು ಒಂದು ಬಗೆ. ಕುಶಲಕರ್ಮಿಯೊಬ್ಬರ ಎದುರು ಕುಳಿತು ‘ನನಗೆ ಇಂಥದೊಂದನ್ನು ಮಾಡಿಕೊಡಿ’ ಎಂದು ಕೇಳುವುದು ಇನ್ನೊಂದು ಬಗೆ. ಲೌಕಿಕ ದೃಷ್ಟಿಗೆ ಎರಡೂ ಹಣ ತೆತ್ತು ವಸ್ತು ಪಡೆಯುವ ವ್ಯವಹಾರವೇ. ಆದರೆ ಧರ್ಮದೃಷ್ಟಿಯಿಂದ ನೋಡಿದಾಗ ಇವೆರಡರ ನಡುವೆ ಗಣನೀಯವಾದ ಅಂತರವಿದೆ. ಇದು ನನಗೆ ಮನವರಿಕೆಯಾದದ್ದು ಇತ್ತೀಚೆಗೆ. ಅದಕ್ಕೆ ನಿಮಿತ್ತವಾದುದು ಮೊಮ್ಮಗಳಿಗಾಗಿ ಮಾಡಿಸಿದ ಒಂದು ಗಿಟಾರ್.

ನಮ್ಮ ಮನೆತನ ಶಿಡ್ಲಘಟ್ಟದಲ್ಲಿ ನೆಲೆಸಿ ಮೂರು ತಲೆಮಾರುಗಳಾದವು. ತಂದೆಯವರು ಆರಂಭಿಸಿದ ರೇಷ್ಮೆ ನೂಲಿನ ವ್ಯಾಪಾರವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ನಡೆಸಿದೆ. ಈಗ ಮಗ ನಡೆಸುತ್ತಿದ್ದಾನೆ. ಮೊಮ್ಮಗಳು ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದಿದವಳು. ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಗಿಟಾರೊಂದರ ಮೇಲೆ ಕೈ ಕುದುರಿಸಿಕೊಂಡು, ತಕ್ಕಮಟ್ಟಿಗೆ ನುಡಿಸಬಲ್ಲವಳಾಗಿದ್ದಾಳೆ. ಪದವಿ ಮುಗಿಸಿದ ದಿನ ಕೈಯಿಂದ ಮಾಡಿದ ಒಳ್ಳೆಯ ವಾದ್ಯ ಕೊಡಿಸುವೆನೆಂದು ನಾನು ಮಾತು ಕೊಟ್ಟಿದ್ದೆ. ಚಿಂತಾಮಣಿಯ ಕಡೆಯ ಬಡಗಿ ಮನೆತನದವರೊಬ್ಬರು ಬೆಂಗಳೂರಿನಲ್ಲಿ ಈ ಕೆಲಸ ಕಲಿತು, ಊರಿಗೆ ಮರಳಿ, ವರ್ಷಕ್ಕೆ ಐದಾರು ಗಿಟಾರುಗಳನ್ನು ಮಾತ್ರ ಮಾಡುತ್ತಾರೆಂದು ತಿಳಿದು ಅವರಲ್ಲಿಗೆ ಹೋದೆವು. ಅವರ ತಾತ ಎತ್ತಿನ ಗಾಡಿಗಳಿಗೆ ಚಕ್ರ ಕಟ್ಟುತ್ತಿದ್ದರಂತೆ.

ಆ ಕೆಲಸವನ್ನು ಹತ್ತಿರದಿಂದ ನೋಡುವುದೇ ಒಂದು ಸ್ವಾಧ್ಯಾಯ. ವಾದ್ಯದ ಪಕ್ಕದ ಹಲಗೆಯನ್ನು ಸುಮಾರು ಎರಡು ಮಿಲಿಮೀಟರಿನಷ್ಟು ತೆಳುವಾಗಿ ಹೆರೆದು, ನೀರು ಚಿಮುಕಿಸಿ, ಕಾದ ಕೊಳವೆಯ ಮೇಲೆ ಒತ್ತಿ ಒತ್ತಿ ಬಾಗಿಸುತ್ತಾರೆ. ಅವಸರಪಟ್ಟರೆ ಹಲಗೆ ಸೀಳುತ್ತದೆ. ಮುಂಭಾಗದ ಹಲಗೆಯ ದಪ್ಪ ಮೂರು ಮಿಲಿಮೀಟರಿಗಿಂತ ಕಡಿಮೆ. ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವುಗಳ ಒಟ್ಟು ಸೆಳೆತ ಎಪ್ಪತ್ತು ಕಿಲೋ ತೂಕಕ್ಕೆ ಸಮನಾಗುತ್ತದೆ. ಅಷ್ಟನ್ನೂ ತಡೆಯುವಷ್ಟು ಗಟ್ಟಿಯಾಗಿ, ಆದರೂ ಬೆರಳಿನ ಮೆಲುಮೀಟಿಗೆ ಕಂಪಿಸುವಷ್ಟು ಹಗುರವಾಗಿ ಆ ಹಲಗೆ ಇರಬೇಕು. ಅದಕ್ಕಾಗಿ ಅವರು ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಿಡಿದು, ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಹೆರೆಯುತ್ತಿದ್ದರು.

ಅವರು ನಮ್ಮನ್ನು ಕೂರಿಸಿ, ಉದ್ದನೆಯ ನೋಟ್‌ಬುಕ್ಕೊಂದನ್ನು ತೆರೆದು, ಒಂದೊಂದಾಗಿ ಪ್ರಶ್ನೆ ಕೇಳತೊಡಗಿದರು. ತಂತಿಗಳು ಕೂರುವ ಎರಡು ಸಣ್ಣ ಪಟ್ಟಿಗಳು ಮೂಳೆಯದಾಗಬೇಕೋ ಬೇರೆಯದೋ? ಅಲಂಕಾರಕ್ಕೆ ಮುತ್ತಿನ ಚಿಪ್ಪನ್ನು ಕೂರಿಸಬೇಕೋ, ಬೇರೆ ಬಣ್ಣದ ಮರ ಸಾಕೋ? ಅಂಟು ಯಾವುದು? ಹೊಳಪಿಗೆ ಅರಗಿನ ಲೇಪವೋ ಎಣ್ಣೆಯೋ? ಹಿಂಬದಿಗೆ ಬೀಟೆ ಮರವೋ?

ಮೂಳೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಕೈಯೆತ್ತಿ ತಡೆದೆ. ‘ಅದು ನಮ್ಮ ಮನೆಗೆ ಬರುವ ಹಾಗಿಲ್ಲ’ ಎಂದೆ. ಅವರು ನಸುನಕ್ಕು, ‘ಹಾಗಾದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಯಜಮಾನರೇ, ಕೇಳಿ ತೀರ್ಮಾನ ಮಾಡಿ’ ಎಂದರು.

ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಸಂಕ್ಷೇಪಿಸುತ್ತೇನೆ. ಗಿಟಾರಿನ ಮೇಲುಶ್ರುತಿಯ ತಂತಿಗಳನ್ನು ಬಹುಕಾಲ ಕುರಿ ಮುಂತಾದ ಪ್ರಾಣಿಗಳ ಕರುಳಿನಿಂದ ಹೊಸೆಯುತ್ತಿದ್ದರು. ಕೆಳಶ್ರುತಿಯ ತಂತಿಗಳಿಗೆ ರೇಷ್ಮೆಯ ಎಳೆಗಳ ಮೇಲೆ ತೆಳುವಾದ ಲೋಹದ ತಂತಿಯನ್ನು ಸುತ್ತುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯ ಹೊಲಿಯುವ ದಾರಕ್ಕಾಗಿ ಕರುಳು ಬೇಕಾಗಿ, ವಾದಕರಿಗೆ ತಂತಿಯೇ ಸಿಗದಂತಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನ್ ನೈಲಾನ್ ತಂತಿಯನ್ನು ರೂಪಿಸಿದರು. ಪ್ರಸಿದ್ಧ ವಾದಕ ಆಂಡ್ರೆಸ್ ಸೆಗೋವಿಯಾ ಅದನ್ನು ಒಪ್ಪಿ ಪ್ರಚಾರಕ್ಕೆ ತಂದರು. ಮರದ ಕೂಡುಗಳಿಗೆ ಬಳಸುವ ಸಾಂಪ್ರದಾಯಿಕ ಅಂಟು ಚರ್ಮ, ಮೂಳೆಗಳನ್ನು ಕುದಿಸಿ ತೆಗೆಯುವ ಸರೇಸು. ಮುತ್ತಿನ ಚಿಪ್ಪು ಕಡಲ ಜೀವಿಯ ಮನೆ. ಅರಗು ಮರದ ಕೊಂಬೆಗಳ ಮೇಲೆ ಬಾಳುವ ಕೀಟಗಳ ಸ್ರಾವ. ಅದನ್ನು ಕೆರೆದು ಶುದ್ಧಿ ಮಾಡುವಾಗ ಎಷ್ಟು ಜೀವಗಳು ಅಳಿಯುತ್ತವೆಂಬುದನ್ನು ಎಣಿಸಿದವರಿಲ್ಲ.

ಇದನ್ನೆಲ್ಲ ಕೇಳಿ, ‘ಪರದೇಶದ ವಾದ್ಯ, ಅದರ ರೀತಿಯೇ ಹೀಗೆ’ ಎಂದು ಯಾರಾದರೂ ಅಂದುಕೊಂಡಾರು. ಅದು ನ್ಯಾಯವಲ್ಲ. ಗೌರಿಬಿದನೂರಿಗೆ ನೆರೆಯದಾದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಗಳ ಊರೆಂದೇ ಹೆಸರಾದುದು. ಹಲಸಿನ ಮರದಿಂದ ಅಲ್ಲಿ ತಲೆಮಾರುಗಳಿಂದ ವೀಣೆ ಮಾಡುತ್ತಾರೆ. ಸರಸ್ವತಿಯ ಕೈಯಲ್ಲಿರುವ ಆ ವೀಣೆಯ ಮೆಟ್ಟಿಲುಗಳನ್ನು ಜೇನುಮೇಣಕ್ಕೆ ಮಸಿ ಬೆರೆಸಿ ಕೂರಿಸುವುದು ರೂಢಿ. ಮೈಸೂರಿನ ಬೀಟೆಯ ಕುಸುರಿಕೆಲಸದಲ್ಲಿ ಹಿಂದೆ ಆನೆಯ ದಂತ ಧಾರಾಳವಾಗಿ ಬಳಕೆಯಾಗುತ್ತಿತ್ತು. ಕಾನೂನು ಬಿಗಿಯಾದ ಮೇಲೆ ಬೇರೆ ವಸ್ತುಗಳು ಬಂದವು. ಸಿತಾರಿನ ಕುದುರೆಗೆ ಜಿಂಕೆಯ ಕೊಂಬು ಶ್ರೇಷ್ಠವೆನ್ನುತ್ತಿದ್ದರು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಡುವ ಎಳೆಯೊಂದಿದೆ. ಹತ್ತಿಯದೋ ರೇಷ್ಮೆಯದೋ ಆದ ಆ ಎಳೆಯಿಂದಲೇ ನಾದ ತುಂಬಿ ಝೇಂಕರಿಸುವುದರಿಂದ ಅದನ್ನು ‘ಜೀವ’ವೆಂದೇ ಕರೆಯುತ್ತಾರೆ. ಯಾವ ಜೀವದಿಂದ ಬಂದ ಜೀವವದು ಎಂದು ಸಂಗೀತ ಕೇಳುವಾಗ ನಾವು ಕೇಳಿಕೊಳ್ಳುವುದಿಲ್ಲ.

ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಕೇಳಿಕೊಂಡವರು. ಶ್ರಾವಕನು ತೊರೆಯಬೇಕಾದ ಹದಿನೈದು ವೃತ್ತಿಗಳ ಪಟ್ಟಿಯಲ್ಲಿ ದಂತದ ವ್ಯಾಪಾರವಿದೆ, ಅರಗಿನ ವ್ಯಾಪಾರವಿದೆ, ಕಾಡು ಕಡಿದು ಬದುಕುವ ವನಕರ್ಮವಿದೆ. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿಯೂ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿಯೂ ಇವುಗಳ ಪ್ರಸ್ತಾಪವುಂಟು. ಇದಕ್ಕಿಂತಲೂ ಸೂಕ್ಷ್ಮವಾದ ವಿಚಾರ ಇನ್ನೊಂದಿದೆ. ಕರ್ಮದ ಆಸ್ರವಕ್ಕೆ ಕಾರಣವಾಗುವ ಕ್ರಿಯೆಯನ್ನು ಶಾಸ್ತ್ರಕಾರರು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದರು: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಉಳಿಯನ್ನು ಹಿಡಿದವನೊಬ್ಬನೇ ಕರ್ತೃವಲ್ಲ.

ಈ ವಿಂಗಡಣೆಯನ್ನು ನಾನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆ; ಅದರ ಭಾರ ತಿಳಿದದ್ದು ಆ ನೋಟ್‌ಬುಕ್ಕಿನ ಮುಂದೆ. ಅಂಗಡಿಯ ವಸ್ತುವನ್ನು ಕೊಂಡಾಗ, ‘ಇದು ಆಗಲೇ ಆಗಿಹೋಗಿದೆ, ನಾನು ಹೇಳಿ ಮಾಡಿಸಿದ್ದಲ್ಲ’ ಎಂದು ಮನಸ್ಸು ಒಂದು ಪರದೆಯ ಹಿಂದೆ ಅಡಗಿಕೊಳ್ಳುತ್ತದೆ. ಆಗಲೂ ಅನುಮೋದನೆಯ ದೋಷ ತಪ್ಪದು. ಆದರೆ ಅದು ಕಣ್ಣಿಗೆ ಕಾಣದು. ಹೇಳಿ ಮಾಡಿಸುವಾಗ ಆ ಪರದೆ ಇರುವುದಿಲ್ಲ. ‘ಮೂಳೆ ಇರಲಿ’ ಎಂದು ನಾನು ಹೇಳಿದರೆ ಮೂಳೆ ಬರುತ್ತದೆ. ‘ಬೇಡ’ ಎಂದರೆ ಬರುವುದಿಲ್ಲ. ಒಂದೊಂದು ಮಾತೂ ಒಂದೊಂದು ವಸ್ತುವಾಗಿ ನನ್ನ ಮನೆ ಸೇರುತ್ತದೆ.

ಇಲ್ಲಿ ನೇಮಿನಾಥ ತೀರ್ಥಂಕರರ ವೃತ್ತಾಂತ ನೆನಪಾಗದಿರದು. ಮದುವೆಯ ದಿಬ್ಬಣದಲ್ಲಿ ರಥವೇರಿ ಬರುತ್ತಿದ್ದ ಅವರಿಗೆ, ಆ ಸಡಗರದ ನಡುವೆಯೂ, ಕೂಡಿಹಾಕಿದ್ದ ಮೂಕಪ್ರಾಣಿಗಳ ಆಕ್ರಂದನ ಕೇಳಿಸಿತು. ಇವೇಕೆ ಇಲ್ಲಿವೆ ಎಂದು ಸಾರಥಿಯನ್ನು ಕೇಳಿದರು. ನಿಮ್ಮ ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬಂದಿತು. ಆ ಪ್ರಾಣಿಗಳನ್ನು ಅವರು ಹಿಡಿದವರಲ್ಲ, ಹಿಡಿಸಿದವರೂ ಅಲ್ಲ. ಆದರೂ ತನ್ನ ನಿಮಿತ್ತವಾಗಿ ನಡೆಯುವುದು ತನಗೆ ಸಂಬಂಧಿಸಿದ್ದಲ್ಲವೆಂದು ಅವರು ಹೇಳಲಿಲ್ಲ, ರಥವನ್ನು ತಿರುಗಿಸಿದರು. ಸಾಮಾನ್ಯ ಗೃಹಸ್ಥರಾದ ನಮಗೆ ರಥ ತಿರುಗಿಸುವ ಶಕ್ತಿ ಎಲ್ಲ ವೇಳೆಯೂ ಇರಲಾರದು. ಆದರೆ ಸಾರಥಿಯನ್ನು ಕೇಳುವ ಶಕ್ತಿ ಇದ್ದೇ ಇದೆ.

ಹೀಗೆ ಧರ್ಮಚಿಂತನೆಯಲ್ಲಿ ತೊಡಗಿ, ಮೂಳೆ ಬೇಡ, ಚಿಪ್ಪು ಬೇಡ, ಸರೇಸು ಬೇಡ, ಅರಗು ಬೇಡ ಎಂದು ಬರೆಸಿ, ಒಂದು ಬಗೆಯ ಸಂತೃಪ್ತಿಯಿಂದ ಊರಿಗೆ ಹಿಂದಿರುಗುತ್ತಿದ್ದೆ. ಬಸ್ಸು ಶಿಡ್ಲಘಟ್ಟ ಪ್ರವೇಶಿಸುವ ಹೊತ್ತಿಗೆ ರೀಲಿಂಗ್ ಮನೆಗಳ ಪರಿಚಿತ ವಾಸನೆ ಬಂತು. ಮೊಮ್ಮಗಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು: ‘ತಾತ, ಆ ಮೂಳೆಯ ಪಟ್ಟಿ ಎಷ್ಟು ಗ್ರಾಂ ಇದ್ದೀತು? ನಮ್ಮ ಅಂಗಡಿಯಲ್ಲಿ ಒಂದು ದಿನಕ್ಕೆ ಎಷ್ಟು ಕಿಲೋ ನೂಲು ತೂಗುತ್ತೀರಿ?’

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಈ ಸೀಮೆಯ ಓದುಗರಿಗೆ ವಿವರಿಸಬೇಕಾದುದಿಲ್ಲ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಅಂದರೆ ಮೂರು ಸಾವಿರಕ್ಕೂ ಮಿಕ್ಕಿದ ಗೂಡುಗಳು, ಪ್ರತಿಯೊಂದರೊಳಗೂ ಒಂದು ಜೀವ. ಎಳೆ ಕಡಿಯದೆ ಬರಬೇಕಾದರೆ ಚಿಟ್ಟೆ ಹೊರಬರುವ ಮುಂಚೆಯೇ ಗೂಡನ್ನು ಬಿಸಿಗೆ ಒಡ್ಡಬೇಕು. ನಾನು ಗೂಡು ಬೇಯಿಸಿದವನಲ್ಲ. ಸುತ್ತಿ ತಂದ ನೂಲನ್ನು ಕೊಂಡು ಮಾರಿದವನು. ಮೂವತ್ತು ವರ್ಷ ಇದೇ ಮಾತನ್ನು ಹೇಳಿಕೊಂಡು ನೆಮ್ಮದಿಯಾಗಿದ್ದೆ. ‘ಕೃತವಲ್ಲ’ ಎಂಬುದರಲ್ಲಿ ತೃಪ್ತನಾಗಿ, ಉಳಿದೆರಡು ಪದಗಳನ್ನು ಓದದೆ ಬಿಟ್ಟಿದ್ದೆ. ಗಿಟಾರಿನ ಹಣವೂ ಆ ನೂಲಿನಿಂದಲೇ ಬಂದುದು. ಅವಳಿಗೆ ನಾನು ಆ ದಿನ ಉತ್ತರ ಕೊಡಲಿಲ್ಲ.

ಎರಡು ತಿಂಗಳ ಅನಂತರ ಇನ್ನೊಂದು ಪರೀಕ್ಷೆ ಎದುರಾಯಿತು. ಹಿಂಬದಿಗೆ ಬೀಟೆಯನ್ನೇ ನಿಶ್ಚಯಿಸಿದ್ದೆವು. ನಮ್ಮ ದಕ್ಷಿಣದ ಬೀಟೆ ಜಗತ್ತಿನ ಗಿಟಾರು ತಯಾರಕರೆಲ್ಲ ಮೆಚ್ಚಿದ ಮರ. ಅಮೆರಿಕದ ಮಾರ್ಟಿನ್ ಕಂಪನಿಯು ಬ್ರೆಜಿಲಿನ ರೋಸ್‌ವುಡ್ ದುರ್ಲಭವಾದಾಗ, 1969ರ ಸುಮಾರಿಗೆ, ಭಾರತದ ಬೀಟೆಗೆ ತಿರುಗಿತು. ಬ್ರೆಜಿಲಿನ ಆ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು 1992ರಲ್ಲಿ ನಿಷೇಧಿಸಲಾಯಿತು. 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನೇ ನಿಯಂತ್ರಣಕ್ಕೆ ಒಳಪಡಿಸಿದರು. 2019ರಲ್ಲಿ ಸಿದ್ಧವಾದ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತು, ಮರಕ್ಕೆ ದೊರೆಯಲಿಲ್ಲ. ಇಷ್ಟೆಲ್ಲ ಕಟ್ಟುಪಾಡಿಗೆ ಕಾರಣ ಒಂದೇ: ಬೇಡಿಕೆಯ ವೇಗಕ್ಕೆ ಮರ ಬೆಳೆಯಲಾರದು.

ಹಲಗೆ ಕೊಡಲು ಒಪ್ಪಿದ್ದ ವ್ಯಾಪಾರಿ ಮರವನ್ನೇನೋ ತಂದರು. ಅರಣ್ಯ ಇಲಾಖೆಯ ರಹದಾರಿ ಕೇಳಿದರೆ ಮಾತು ಮರೆಸಿದರು. ಕುಶಲಕರ್ಮಿ ನನಗೆ ಫೋನ್ ಮಾಡಿ, ‘ಮರ ಚೆನ್ನಾಗಿದೆ, ಆದರೆ ಕಾಗದವಿಲ್ಲ. ನಾನು ಇದನ್ನು ಮುಟ್ಟುವುದಿಲ್ಲ. ಬೇರೆ ಮರಕ್ಕೆ ನಾಲ್ಕು ತಿಂಗಳು ತಡವಾಗುತ್ತದೆ’ ಎಂದರು. ಮೊಮ್ಮಗಳು ಕೆಲಸಕ್ಕಾಗಿ ಪುಣೆಗೆ ಹೊರಡುವ ದಿನ ಗೊತ್ತಾಗಿತ್ತು. ಸತ್ಯವನ್ನೇ ಹೇಳುತ್ತೇನೆ: ‘ಮರ ಕಡಿದಾಗಿದೆ, ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆ ಮಾತಿನಲ್ಲಿ ಹೊಸತೇನೂ ಇಲ್ಲ. ನೂಲಿನ ಅಂಗಡಿಯಲ್ಲಿ ನಾನು ಮೂವತ್ತು ವರ್ಷ ಆಡಿದ್ದ ಮಾತೇ ಅದು.

ಅಚೌರ್ಯ ವ್ರತದ ಅತಿಚಾರಗಳನ್ನು ಬಲ್ಲ ಓದುಗರು ಈ ಪ್ರಸಂಗವನ್ನು ಥಟ್ಟನೆ ಗುರುತಿಸುವರು. ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನ ಅವುಗಳಲ್ಲೊಂದು. ರಾಜ್ಯದ ಕಟ್ಟಳೆಯನ್ನು ಮೀರುವುದು ಇನ್ನೊಂದು. ಅಗ್ಗದ ಮರಕ್ಕೆ ಬಣ್ಣ ಬಳಿದು ಬೀಟೆಯೆನ್ನುವುದು, ಪ್ಲೈವುಡ್ಡನ್ನು ಇಡೀ ಹಲಗೆಯೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಕೊನೆಯದು ನಮ್ಮ ವಿಷಯದಲ್ಲಿ ಬಹಳ ಸುಲಭವಾಗಿತ್ತು. ಆ ಕುಶಲಕರ್ಮಿ ಬಾಯಿ ಬಿಡದೆ ವಾದ್ಯ ಮುಗಿಸಿ ಕೊಟ್ಟಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಕೆಲಸವನ್ನೂ ಹಣವನ್ನೂ ಕಳೆದುಕೊಳ್ಳುವ ಸಂಭವವಿದ್ದರೂ ಅವರು ಹೇಳಿದರು. ಮಾಡಿಸುವವನ ಹೊಣೆ ಕೇಳುವುದಾದರೆ, ಮಾಡುವವನ ಹೊಣೆ ಕೇಳದಿದ್ದರೂ ಹೇಳುವುದು. ಈ ಎರಡು ಕೂಡಿದಾಗ ಮಾತ್ರ ವ್ಯವಹಾರ ಧರ್ಮವಾಗುತ್ತದೆ. ನಾಲಗೆಯ ತುದಿಯ ಮಾತನ್ನು ನುಂಗಿಕೊಂಡು, ಬೇಡವೆಂದೆ.

ಕೊನೆಗೆ ಅವರ ಅಟ್ಟದ ಮೇಲೆ ವರ್ಷಗಳಿಂದ ಒಣಗುತ್ತಿದ್ದ, ವೀಣೆಗೆಂದು ಕೊಯ್ದಿದ್ದ ಹಲಸಿನ ಹಲಗೆಯಿಂದ ಗಿಟಾರಿನ ಹಿಂಬದಿಯನ್ನು ಮಾಡುವುದೆಂದಾಯಿತು. ಬೀಟೆಯಿಲ್ಲದೆ ನಾದ ಬರುವುದೇ ಎಂದು ನಾನು ಅನುಮಾನಿಸಿದಾಗ ಅವರು ಎರಡು ಸಂಗತಿಗಳನ್ನು ಹೇಳಿದರು. ಸ್ಪೇನ್ ದೇಶದ ಆಂಟೋನಿಯೋ ಡಿ ಟೋರೆಸ್ ಎಂಬ ಮಹಾಶಿಲ್ಪಿ 1862ರಲ್ಲಿ ಗಿಟಾರೊಂದರ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ನಾದದ ಮೂಲ ಮುಂಭಾಗದ ಹಲಗೆಯಲ್ಲಿದೆಯೆಂದು ತೋರಿಸಿದ್ದರು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ದಿಕ್ಕಿನದು. ಹಿಂಬದಿ ಮತ್ತು ಪಕ್ಕಗಳ ಮರ ಮಾತ್ರ ಬೇರೆಯಾಗಿ ಉಳಿದೆಲ್ಲ ಒಂದೇ ರೀತಿಯಲ್ಲಿದ್ದ ಆರು ಗಿಟಾರುಗಳನ್ನು, ಮರ ಯಾವುದೆಂದು ಕಾಣದಂತೆ, 52 ವಾದಕರಿಂದ ನುಡಿಸಿದರು. ಬ್ರೆಜಿಲಿನ ದುಬಾರಿ ಮರಕ್ಕೂ ಸಾಧಾರಣ ಮರಗಳಿಗೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಅನಿವಾರ್ಯವೆಂದು ನಾವು ನಂಬಿದ ಎಷ್ಟೋ ವಸ್ತುಗಳು ಕಿವಿಗೆ ಬೇಕಾದವಲ್ಲ, ಪ್ರತಿಷ್ಠೆಗೆ ಬೇಕಾದವು. ಪರಿಗ್ರಹವೆಂದರೆ ಇದೇ.

ಹಾಗಾದರೆ ಈಗ ನಮ್ಮ ಮನೆಯಲ್ಲಿರುವ ಗಿಟಾರ್ ಸಂಪೂರ್ಣ ಅಹಿಂಸೆಯ ವಾದ್ಯವೇ? ಅಲ್ಲ. ಮೂಳೆಯ ಬದಲು ಕೂತಿರುವುದು ಕಲ್ಲೆಣ್ಣೆಯಿಂದ ಹುಟ್ಟಿದ ಕೃತಕ ವಸ್ತು. ಮುಂಭಾಗದ ಹಲಗೆ ಶೀತದೇಶದ ಸ್ಪ್ರೂಸ್ ಮರದ್ದು, ಅದೂ ಒಮ್ಮೆ ಜೀವವಿದ್ದ ವೃಕ್ಷವೇ. ಸರೇಸಿನ ಪರವಾಗಿ ಕುಶಲಕರ್ಮಿ ಆಡಿದ ಮಾತಿನಲ್ಲಿಯೂ ತಥ್ಯವಿತ್ತು: ಸರೇಸಿನ ಕೂಡನ್ನು ಬಿಸಿ ಮತ್ತು ತೇವದಿಂದ ಬಿಚ್ಚಿ ರಿಪೇರಿ ಮಾಡಬಹುದು, ವಾದ್ಯ ನೂರು ವರ್ಷ ಬಾಳುತ್ತದೆ, ಬಿಚ್ಚಲಾಗದ ಅಂಟಿನ ವಾದ್ಯ ಕೆಟ್ಟರೆ ಇನ್ನೊಂದು ಮರವನ್ನು ಬೇಡುತ್ತದೆ. ನಮ್ಮ ಶಾಸ್ತ್ರಕಾರರು ಈ ತೊಡಕನ್ನು ಅರಿಯದವರಲ್ಲ. ಆದ್ದರಿಂದಲೇ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿಸಿ, ಗೃಹಸ್ಥನು ಸಂಕಲ್ಪಪೂರ್ವಕ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು, ಉಳಿದವುಗಳಲ್ಲಿ ಯತ್ನಾಚಾರದಿಂದಿರಬೇಕು ಎಂದರು. ಭಗವಾನ್ ಆದಿನಾಥರು ಲೋಕಕ್ಕೆ ಕಲಿಸಿದ ಆರು ವೃತ್ತಿಗಳಲ್ಲಿ ಶಿಲ್ಪವೂ ಒಂದು. ಕೈಕಸುಬನ್ನು ನಮ್ಮ ಪರಂಪರೆ ಹೀಗಳೆದಿಲ್ಲ. ಕಣ್ಣು ಮುಚ್ಚಿ ಮಾಡುವುದನ್ನೂ ಮಾಡಿಸುವುದನ್ನೂ ಹೀಗಳೆದಿದೆ.

ಈ ವಿಚಾರ ನಮ್ಮ ಬಸದಿಗಳ ಟ್ರಸ್ಟುಗಳಿಗೂ ಸಂಬಂಧಿಸಿದ್ದು. ಚರ್ಮದ ಬೆಲ್ಟು, ಚೀಲಗಳನ್ನು ಹೊರಗಿಡಬೇಕೆಂಬ ಫಲಕವನ್ನು ಬಾಗಿಲಲ್ಲಿ ತೂಗುಹಾಕುತ್ತೇವೆ. ಒಳಗೆ ಆರತಿಯ ಹೊತ್ತಿನಲ್ಲಿ ಚರ್ಮ ಬಿಗಿದ ಡೋಲಕ್ ನುಡಿಯುತ್ತದೆ. ಹಳೆಯ ವಾದ್ಯಗಳನ್ನು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಮುಂದಿನ ಸಲ ಹೊಸದಕ್ಕೆ ಹೇಳುವಾಗ ಒಂದು ಮಾತು ಕೇಳೋಣ. ಬೆಂಗಳೂರಿನ ಡಾ. ಕೆ. ವರದರಂಗನ್ ಅವರು ಚರ್ಮವಿಲ್ಲದೆ ಕೃತಕ ಹೊದಿಕೆಯ ಮೃದಂಗವನ್ನು ರೂಪಿಸಿ ತೋರಿಸಿದ್ದಾರೆ. ಕೇಳುವವರಿದ್ದರೆ ಮಾಡುವವರು ಹುಟ್ಟುತ್ತಾರೆ. ಕಾರಿತವೆಂಬುದು ಪಾಪಕ್ಕೆ ಮಾತ್ರ ಅನ್ವಯಿಸುವ ಪದವಲ್ಲ. ಒಳಿತನ್ನು ಮಾಡಿಸಿದವನಿಗೂ ಅದರಲ್ಲಿ ಪಾಲಿದೆ.

ಇನ್ನು ಮೊಮ್ಮಗಳ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಈ ಲೇಖನವನ್ನು ಮುಗಿಸುವುದು ಅಪ್ರಾಮಾಣಿಕವಾದೀತು. ಒಂದು ರಾತ್ರಿ ಮಗನೊಡನೆ ಅಂಗಡಿಯ ಮಾತೆತ್ತಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪಾಜಿ, ಈ ಅಂಗಡಿಯನ್ನು ನಂಬಿ ನಾಲ್ಕು ಮನೆಗಳಿವೆ. ನೀವು ಮೂವತ್ತು ವರ್ಷ ನಡೆಸಿ ಈಗ ನನಗೆ ಮುಚ್ಚೆಂದರೆ ಹೇಗೆ?’ ಎಂದ. ಅವನ ಮಾತಿಗೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಮುಚ್ಚೆಂದು ಹೇಳುವ ಅಧಿಕಾರವೂ ಇರಲಿಲ್ಲ. ನನ್ನ ಕೈಯಲ್ಲಿದ್ದುದು ನನ್ನ ಪಾಲು ಮಾತ್ರ. ಕಳೆದ ಚಾತುರ್ಮಾಸದಿಂದ ಅಂಗಡಿಯ ಆದಾಯದಲ್ಲಿ ನನಗೆ ಬರುತ್ತಿದ್ದ ಭಾಗವನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಇದು ತ್ಯಾಗವೇನಲ್ಲ, ಮನೆಯೊಂದರ ಬಾಡಿಗೆ ಬರುತ್ತದೆ, ನನ್ನ ಖರ್ಚಿಗೆ ಅದು ಸಾಕು. ಅಂಗಡಿ ನಡೆಯುತ್ತಲೇ ಇದೆ. ಮಗ ಹತ್ತಿನೂಲಿನ ವಿಚಾರವನ್ನು ಎರಡು ಸಲ ವಿಚಾರಿಸಿದ್ದಾನೆಂದು ಸೊಸೆ ಹೇಳಿದಳು. ಅವನಾಗಿ ಹೇಳುವವರೆಗೆ ನಾನು ಕೇಳುವುದಿಲ್ಲ.

ಗಿಟಾರ್ ಐದು ತಿಂಗಳು ತಡವಾಗಿ ಸಿದ್ಧವಾಯಿತು. ದೀಪಾವಳಿಗೆ ಪುಣೆಯಿಂದ ಬಂದ ಮೊಮ್ಮಗಳು ನಡುಮನೆಯಲ್ಲಿ ಕುಳಿತು ಅದನ್ನು ಶ್ರುತಿಗೊಳಿಸಿದಳು. ಹಲಸಿನ ಹಳದಿ ಮೈ ದೀಪದ ಬೆಳಕಿಗೆ ಇನ್ನಷ್ಟು ಹಳದಿಯಾಗಿ ಕಾಣುತ್ತಿತ್ತು. ಅವಳು ಒಂದು ತಂತಿಯನ್ನು ಮೀಟಿ, ನಾದ ತಾನಾಗಿಯೇ ಅಡಗುವವರೆಗೆ ಕೈ ತಡೆದು ಕೇಳಿದಳು. ಬಾಗಿಲ ಬಳಿ ನಿಂತಿದ್ದ ಮಗನೂ ಕೇಳುತ್ತಿದ್ದ.